ಗಂಗಲಕ್ಷ್ಮಮ್ಮನ ಬಲಗಾಲು

ನನ್ನ ಹೆಂಡತಿ ಗಂಗಲಕ್ಷ್ಮಮ್ಮ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಕಾಲಿನಿಂದ ಮೂರು ಸಲ ತಟ್ಟಿದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ನಂದಗುಡಿ ಕಡೆಯ ನಂಬಿಕೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗಬೇಕು. ಇವಳು ದೇವರ ಹೆಸರು ಹೇಳಿ ಬಲಗಾಲಿನಿಂದ ತಟ್ಟುತ್ತಾಳೆ. ಮೂವತ್ತೈದು ವರ್ಷಗಳಲ್ಲಿ ಸ್ಕೂಲ್ ಮೇಷ್ಟ್ರು, ಪಂಚಾಯ್ತಿ ಮೆಂಬರು, ನನ್ನ ತಮ್ಮ, ಹೀಗೆ ಊರಿನ ಅರ್ಧ ಜನ ಅವಳಿಂದ ಒದೆ ತಿಂದು, ಕೈಮುಗಿದು ಹೋಗಿದ್ದಾರೆ.

ನಾನು ತಿಂದಿರಲಿಲ್ಲ. ಹೆಂಡತಿಯ ಕಾಲು ಗಂಡನಿಗೆ ತಾಗಬಾರದು. ನಿದ್ದೆಗಣ್ಣಿನಲ್ಲಿ ತಾಗಿದರೂ ಎದ್ದು ಕೂತು, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ಇವಳು. ನನಗಂತೂ ಆ ಕಾಲಿನ ಮೇಲೆ ನಂಬಿಕೆಯೂ ಇರಲಿಲ್ಲ. ಉಳುಕು ನಾಲ್ಕು ದಿನಕ್ಕೆ ತಾನಾಗಿಯೇ ಬಿಡುತ್ತದೆ, ಹೆಸರು ಇವಳಿಗೆ ಬರುತ್ತದೆ ಅಷ್ಟೇ. ಇದನ್ನು ಅವಳ ಮುಂದೆ ಆಡಲಿಲ್ಲ. ಆ ಮನೆಯಲ್ಲೇ ಊಟ ಮಾಡಬೇಕಾದವನು ನಾನು.

ಇಪ್ಪತ್ತಾರು ವರ್ಷ ಟ್ರಾಕ್ಟರ್ ಸೀಟಿನ ಮೇಲೆ ಕುಲುಕಾಡಿದ ಬೆನ್ನು ಒಂದು ದಿನ ಹಾಲಿನ ಕ್ಯಾನ್ ಎತ್ತುವಾಗ ಕೈಕೊಟ್ಟಿತು. ನೋವು ಸೊಂಟದಿಂದ ಹೊರಟು ಎಡಗಾಲಿನ ಹೆಬ್ಬೆರಳಿಗೆ ಇಳಿಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಗುಳಿಗೆ, ಎಣ್ಣೆ ಎನ್ನುತ್ತಲೇ ಆರು ತಿಂಗಳು ಕಳೆಯಿತು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ, ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ನರ ಒತ್ತುತ್ತಿದೆ ಎಂದರು. ಆಪರೇಷನ್ ಈಗಲೇ ಬೇಡ, ಮೊದಲು ಮೆಷಿನ್ನಿನಿಂದ ಬೆನ್ನು ಎಳೆಸುವ ಡಿಕಂಪ್ರೆಶನ್ ಮಾಡಿಸಿ ನೋಡೋಣ ಎಂದರು ಹೊಸಕೋಟೆಯ ಡಾಕ್ಟರು. ಒಟ್ಟು ಇಪ್ಪತ್ತು ಸಲ.

ಹೊರಟ ಮೊದಲ ದಿನವೇ ಎದುರುಮನೆ ಪಿಳ್ಳಣ್ಣ ಬಾಯಿ ಹಾಕಿದ. "ಏನಪ್ಪಾ ವೆಂಕಟರಾಯಪ್ಪ, ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀಯಲ್ಲ!"

ನಾನು ನಕ್ಕೆ. ನನ್ನ ಹಿಂದೆ ಚೀಲ ಹಿಡಿದು ನಿಂತಿದ್ದ ಗಂಗಲಕ್ಷ್ಮಮ್ಮ ನಗಲಿಲ್ಲ. ಅದನ್ನು ನಾನು ಆಗ ಗಮನಿಸಬೇಕಿತ್ತು.

ಆಸ್ಪತ್ರೆಯಲ್ಲಿ ಒಂದು ಉದ್ದನೆಯ ಮಂಚ. ಎದೆಗೊಂದು ಬೆಲ್ಟು, ಸೊಂಟಕ್ಕೊಂದು ಬೆಲ್ಟು. ಮೆಷಿನ್ನು ಸೊಂಟದ ಬೆಲ್ಟನ್ನು ಮೆಲ್ಲಗೆ ಕೆಳಕ್ಕೆ ಎಳೆಯುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ, ಸಡಿಲ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಅರ್ಧ ಗಂಟೆ ಇದೇ ಕೆಲಸ. ನೋಡಿಕೊಳ್ಳುತ್ತಿದ್ದ ದಿವ್ಯ ಎಂಬ ಹುಡುಗಿ, "ಉಸಿರು ಬಿಗಿ ಹಿಡೀಬೇಡಿ ಅಂಕಲ್" ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಇಪ್ಪತ್ತು ಸಲವೂ ನನ್ನ ಹೆಂಡತಿ ಜೊತೆಗೆ ಬಂದು ಬೆಂಚಿನ ಮೇಲೆ ಕೂತು, ಮೆಷಿನ್ನನ್ನು ಸವತಿಯಂತೆ ನೋಡಿದಳು.

ಕೊನೆಯ ದಿನ ದಿವ್ಯ ನನ್ನ ಕಾಲು ಎತ್ತಿಸಿ ನೋಡಿದಳು. "ಕಾಲಿನ ಜೋಮು ಕಮ್ಮಿಯಾಗಿದೆ. ಬೆನ್ನುನೋವು ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ ಅಂಕಲ್. ದಿನಾ ವ್ಯಾಯಾಮ ಮಾಡಿ. ಭಾರ ಎತ್ಬೇಡಿ. ಅದನ್ನ ಜೊತೇಲಿಟ್ಕೊಂಡೇ ಇರಬೇಕಾಗುತ್ತೆ."

ನಿಜ ಹೇಳಿದಳು ಎಂದು ನನಗೆ ಸಮಾಧಾನವೇ ಆಯಿತು. ಆದರೆ ನಂದಗುಡಿ ಬಸ್ಸಿನಲ್ಲಿ ಗಂಗಲಕ್ಷ್ಮಮ್ಮ ಇದ್ದಕ್ಕಿದ್ದಂತೆ ಅಳತೊಡಗಿದಳು.

"ನಾನ್ ಅವತ್ತೇ ಕಾಲು ಮುಟ್ಸಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಕಣ್ರೀ. ಪಾಪಕ್ಕೆ ಹೆದರ್ಕೊಂಡು ನಿಮ್ಮನ್ನ ಎಂಟು ತಿಂಗ್ಳು ನರಳಿಸ್ಬಿಟ್ಟೆ. ಊರೋರಿಗೆಲ್ಲ ಆಗೋ ಕಾಲು, ಕಟ್ಕೊಂಡ ಗಂಡನಿಗಾಗ್ಲಿಲ್ಲ."

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಎಂಟು ತಿಂಗಳಿಂದ ನೋವು ನನ್ನೊಬ್ಬನದು ಎಂದುಕೊಂಡಿದ್ದೆ. ಇವಳು ಪಕ್ಕದಲ್ಲೇ ಕೂತು ಅದನ್ನೇ ತಿನ್ನುತ್ತಿದ್ದಳು, ನಾನು ಪೆದ್ದನಂತೆ ಮೆಷಿನ್ನಿನ ಲೆಕ್ಕ ಇಟ್ಟುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಜಗಲಿಗೆ ಹೋಗಿ ಬೋರಲು ಮಲಗಿದೆ. "ಬಾರೇ ಗಂಗಾ, ತಟ್ಟು. ಜೋರಾಗಿ ಬೇಡ, ಮುಟ್ಸು ಸಾಕು."

"ಅಯ್ಯೋ ಏಳ್ರೀ! ಯಾರಾದ್ರೂ ನೋಡಿದ್ರೆ?"

"ನೋಡ್ಲಿ. ನಾನ್ ಹೇಳಿದ್ಮೇಲೆ ಪಾಪ ನಂದು."

ಅವಳು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಆ ಹೊತ್ತಿನಲ್ಲಿ ನನಗೆ ಬುದ್ಧಿ ಬಂತು, ತಡವಾಗಿ. ನೋವು ಹೋಯಿತು ಎಂದು ಸುಳ್ಳು ಹೇಳಿದರೆ, ಎಂಟು ತಿಂಗಳು ನರಳಿಸಿದ್ದು ತಾನೇ ಎಂದು ಇವಳು ಜೀವಮಾನವಿಡೀ ಕೊರಗುತ್ತಾಳೆ. ಹೋಗಲಿಲ್ಲ ಎಂದರೆ ಆ ಕಾಲಿನ ಕಥೆ ಇಲ್ಲಿಗೆ ಮುಗಿಯಿತು. ಎದ್ದುಬಿಡೋಣ ಎಂದುಕೊಂಡೆ. ಆದರೆ ಬೋರಲು ಮಲಗಿದ ನನ್ನಂಥವನಿಗೆ ಥಟ್ಟನೆ ಏಳಲಾಗುತ್ತದೆಯೇ?

ಬೆನ್ನಿಗೆ ಅವಳ ಪಾದ ತಾಗಿತು. ತಣ್ಣಗಿತ್ತು. ಮೂರು ಸಲ ಮುಟ್ಟಿಸಿದವಳೇ ಕುಸಿದು ಕೂತು ನನ್ನ ಎರಡೂ ಪಾದ ಹಿಡಿದು ಹಣೆಗೊತ್ತಿಕೊಂಡಳು. ಆಮೇಲೆ ಕೇಳಿದಳು. "ಹೋಯ್ತಾ?"

ನೋವು ಇದ್ದಲ್ಲೇ ಇತ್ತು.

"ಇಲ್ಲ ಕಣೇ. ಹೋಗ್ಲಿಲ್ಲ."

"ಒಳ್ಳೇದಾಯ್ತು!" ಎಂದಳು. ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. "ನಿಮ್ ನೋವಿಗಲ್ಲ ಕಣ್ರೀ… ಅವತ್ತೇ ಮುಟ್ಸಿದ್ರೂ ಹೋಗ್ತಿರ್ಲಿಲ್ಲ ಅಲ್ವಾ? ನನ್ ತಪ್ಪಲ್ಲ ಅಲ್ವಾ?"

"ನಿನ್ ತಪ್ಪಲ್ಲ."

ಅವಳು ಜೋರಾಗಿಯೇ ಅತ್ತಳು. ಅಳು ನಿಂತಾಗ ಅವಳ ಮುಖ ನೋಡಿದೆ, ಎಷ್ಟೋ ತಿಂಗಳ ಮೇಲೆ ಹಗುರಾಗಿತ್ತು.

ನಾನಿನ್ನೂ ಕಂಬ ಹಿಡಿದು ಏಳುತ್ತಿದ್ದೆ. ಹಿಂದಿನ ಬೀದಿಯ ಕವಿತ ಸೊಂಟದ ಮೇಲೆ ಕೈಯಿಟ್ಟು ಸೊಟ್ಟಗೆ ನಡೆದು ಬಂದಳು. "ಗಂಗಕ್ಕ, ಹುಲ್ಲಿನ ಹೊರೆ ಎತ್ತೋವಾಗ ಹಿಡ್ಕೊಂಬಿಡ್ತು. ಒಂದೆರಡು ತಟ್ಟಕ್ಕಾ."

ಗಂಗಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಡಾಕ್ಟ್ರಿಗೆ ತೋರ್ಸಮ್ಮ. ನನ್ ಕಾಲಲ್ಲಿ ಏನೂ ಇಲ್ಲ."

ಅದು ನನಗೆ ಮದುವೆಯಾದಾಗಿನಿಂದ ಗೊತ್ತಿತ್ತು. ಆದರೂ ಅವಳ ಬಾಯಿಂದಲೇ ಕೇಳಿದಾಗ, ಅದು ಸುಳ್ಳಾಗಿರಬಾರದಿತ್ತೇ ಎನಿಸಿತು.