ರಾಜನ ತಲೆ

ಈ ವರ್ಷದ ರಾಜಾ ನಿಮ್ಮ ಮಗಳು ಚರಿಷ್ಮಾ ಎಂದು ಶಾಲೆಯಿಂದ ಇಮೇಲ್ ಬಂದ ದಿನ ಗುಣಪಾಲ ಅದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಓದಿ ಹೇಳಿದ. ಹಾಲಿಗೆ ಬಂದವರನ್ನೂ ಬಿಡಲಿಲ್ಲ, ಪಾರ್ಸೆಲ್ ಕಳಿಸಲು ಬಂದ ಮುದುಕಿಯನ್ನೂ ಬಿಡಲಿಲ್ಲ. ಹೆಂಡತಿ ಜಯಶೀಲಾಗೆ ಹೇಳುವುದೊಂದು ಮರೆತುಹೋಯಿತು. ಆ ಮುದುಕಿ ಒಳಗೆ ಬಂದು ಕೈಕುಲುಕಿ ಅಭಿನಂದಿಸಿದಾಗಲೇ ಅವಳಿಗೆ ವಿಷಯ ತಿಳಿದದ್ದು.

ಲೀಡ್ಸ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ, ಗಿರಣಿಗಳೆಲ್ಲ ಮುಚ್ಚಿಹೋದ ಊರು ಅದು. ಅಲ್ಲಿನ ಹೈಸ್ಕೂಲು ಕಟ್ಟಿಸಿದ ಗಿರಣಿ ಧಣಿ ಇಂಡಿಯಾದ ಹತ್ತಿಯಲ್ಲಿ ದುಡ್ಡು ಮಾಡಿದವನು. ಅದರ ನೆನಪಿಗೆಂದು ಶಾಲೆಯ ರಗ್ಬಿ ತಂಡಕ್ಕೊಂದು ಮ್ಯಾಸ್ಕಾಟ್, ಅದೃಷ್ಟದ ವೇಷ. ಕಂದು ಬಣ್ಣದ ದೊಡ್ಡ ಸ್ಪಂಜಿನ ತಲೆ, ಕೆಂಪು ಮುಂಡಾಸು, ಕಿವಿಯ ತನಕ ಮೀಸೆ, ಒಳಗಿದ್ದವರಿಗೆ ಹೊರಗಿನದು ಕಾಣಲೆಂದು ಬಾಯಿಯ ಜಾಗದಲ್ಲೊಂದು ಬಲೆ. ಹೆಸರು ರಾಜಾ. ಒಂದು ಕಾಲದಲ್ಲಿ ಪ್ರತಿ ಶನಿವಾರ ಆ ತಲೆಯನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ ಮೈದಾನಕ್ಕೆ ಬಿಡುತ್ತಿದ್ದರು. ಈಗ ವರ್ಷಕ್ಕೊಮ್ಮೆ, ಸ್ಥಾಪಕರ ದಿನದ ಪಂದ್ಯಕ್ಕೆ ಮಾತ್ರ.

ಗುಣಪಾಲ ಹನ್ನೆರಡನೆಯ ವಯಸ್ಸಿನಲ್ಲಿ ಮೂಲ್ಕಿಯಿಂದ ಇಲ್ಲಿಗೆ ಬಂದವನು. ಅಪ್ಪ ರೆಸ್ಟೋರೆಂಟಿನಲ್ಲಿ ಅಡುಗೆಗಿದ್ದ. ಆಗ ಶಾಲೆಯಲ್ಲಿ ಕಂದು ಮೈಯವನೆಂದರೆ ಇವನೊಬ್ಬನೇ. ಬಂದ ವರ್ಷವೇ ರಾಜಾ ಆದ. ಆಗಿನ ಫೋಟೋ ಇನ್ನೂ ಶಾಲೆಯ ಕಾರಿಡಾರಿನಲ್ಲಿ ತೂಗುತ್ತಿದೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಜಯಶೀಲಾ ಈ ಕಥೆ ಕೇಳಿದ್ದಾಳೆ. ಜೊತೆಗೆ ಇನ್ನೊಂದು ಕಥೆಯನ್ನೂ ಕೇಳಿದ್ದಾಳೆ. ಹೊಸದಾಗಿ ಬಂದಾಗ ಗೋದಾಮಿನ ಕಡೆಯಿಂದ ಪಾರ್ಸೆಲ್ ಒಯ್ಯಿರಿ ಎನ್ನಲು ಅವಳು ಗಿರಾಕಿಯೊಬ್ಬನಿಗೆ "ಪ್ಲೀಸ್ ಕಮ್ ಟು ಮೈ ಬ್ಯಾಕ್‌ಸೈಡ್" ಎಂದಿದ್ದಳು. ನಮ್ಮ ಕಡೆ ಮನೆಯ ಹಿಂದುಗಡೆಗೆ ಎಲ್ಲರೂ ಹೇಳುವ ಮಾತು. ಇಲ್ಲಿ ಅದರ ಅರ್ಥ ಅಂಡು. ಕನ್ನಡ ಬಳಗದ ಯಾವ ಹಬ್ಬದಲ್ಲೂ ಗುಣಪಾಲ ಇದನ್ನು ಹೇಳದೆ ಊಟಕ್ಕೆ ಎದ್ದವನಲ್ಲ. ಅವಳು ಪ್ರತಿ ಸಲವೂ ಎಲ್ಲರ ಜೊತೆ ನಕ್ಕಿದ್ದಾಳೆ. ನಗುತ್ತಾ ನಗುತ್ತಾ ಅವಳ ಇಂಗ್ಲಿಷ್ ಅಂಗಡಿಯ ಕೌಂಟರ್ ದಾಟಿ ಹೊರಗೆ ಬರಲೇ ಇಲ್ಲ.

ಮನೆಯಲ್ಲಿ ತುಳು ಬೇಡವೆಂಬುದು ಅವನ ಕಟ್ಟಪ್ಪಣೆ. ತನಗೆ ಅದು ಮರೆತೇಹೋಗಿದೆ ಎನ್ನುತ್ತಿದ್ದ. ಹೆಂಡತಿಯೊಡನೆ ಕನ್ನಡ, ಮಗಳೊಡನೆ ಇಂಗ್ಲಿಷ್. ಮಗಳ ತಲೆ ಬಾಚುವ ಹತ್ತು ನಿಮಿಷ ಮಾತ್ರ ಜಯಶೀಲಾ ಕದ್ದು ತುಳು ಆಡುತ್ತಿದ್ದಳು. ಚರಿಷ್ಮಾಗೆ ಎಲ್ಲ ತಿಳಿಯುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಆ ವರ್ಷವೇ ರಾಜನ ಮೇಲೆ ಜಗಳ ಎದ್ದದ್ದು. ಎಬ್ಬಿಸಿದವರು ಊರಿನ ಫ್ಯಾಮಿಲಿ ಡಾಕ್ಟರ್, ಮೈಸೂರಿನ ಚಂದ್ರಿಕಾ. ಅವರ ಮಗ ಈಶಾನ್ ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಈ ತಲೆ ನಮಗೆ ಅವಮಾನ, ತೆಗೆಯಿರಿ ಎಂದು ಅವರು ಅರ್ಜಿ ಹಾಕಿದ್ದೇ ತಡ, ಊರು ಎರಡು ಭಾಗವಾಯಿತು. ಅವರ ಕ್ಲಿನಿಕ್ಕಿನ ಬಾಗಿಲಿಗೆ ಯಾರೋ ಮೀಸೆಯ ಸ್ಟಿಕ್ಕರ್ ಅಂಟಿಸಿದರು. ಗುಣಪಾಲನ ಅಂಗಡಿಗೆ ಎಂದೂ ಕಾಲಿಡದವರು ಬಂದು ಬೆನ್ನು ತಟ್ಟಿ, ನಿಮ್ಮವರಲ್ಲಿ ನೀನೊಬ್ಬ ಒಳ್ಳೆಯವನು ಎಂದು ಬಿಯರ್ ಕೊಂಡುಹೋದರು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಮಂದಿ ಹೋರಾಡಬೇಕೆಂದರು, ಅರ್ಧ ಮಂದಿ ನಮಗ್ಯಾಕೆ ಊರ ಉಸಾಬರಿ ಎಂದರು. ಅಧ್ಯಕ್ಷ ನಾರಾಯಣಸ್ವಾಮಿಯವರು ಎರಡೂ ಕಡೆಯವರಿಗೆ ಯುಗಾದಿಯ ಶುಭಾಶಯ ಕೋರಿ ಸುಮ್ಮನಾದರು.

ಚಂದ್ರಿಕಾ ಸಹಿಗೆಂದು ಅಂಗಡಿಗೂ ಬಂದರು. ಜಯಶೀಲಾ ಪೆನ್ನು ಮುಟ್ಟಲಿಲ್ಲ.

"ನಿಮ್ಮಂಥವರೇ ಎದ್ದು ಮಾತಾಡ್ಬೇಕು ಜಯಶೀಲಾ," ಎಂದರು ಚಂದ್ರಿಕಾ. "ಇಂಗ್ಲಿಷ್ ಬಗ್ಗೆ ಯೋಚನೆ ಬೇಡ. ನಾನೇ ಬರೆದು ಕೊಡ್ತೀನಿ, ನೀವು ನೋಡ್ಕೊಂಡು ಓದಿ ಸಾಕು."

ಇವರೂ ಅಷ್ಟೇ ಎಂದುಕೊಂಡು ಜಯಶೀಲಾ ಅವರ ಬ್ರೆಡ್ಡಿಗೆ ಬಿಲ್ ಮಾಡಿದಳು. ಅವಳಿಗೆ ರಾಜನ ಮೇಲೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮಗಳಿಗೆ ಆ ಶಾಲೆಯಲ್ಲಿ ಒಬ್ಬಳೂ ಗೆಳತಿಯಿಲ್ಲ, ಈ ನೆಪದಲ್ಲಾದರೂ ಒಬ್ಬಿಬ್ಬರು ಸಿಗಲಿ ಎಂಬ ಆಸೆ ಇತ್ತು.

ಗುರುವಾರ ಸಂಜೆ ಶಾಲೆಯ ಸಭಾಂಗಣದಲ್ಲಿ ಸಭೆ. ರಾಜನ ತಲೆಯನ್ನು ಮುಂದಿನ ಮೇಜಿನ ಮೇಲೆ ಇಟ್ಟಿದ್ದರು. ಚಂದ್ರಿಕಾ ಸೊಗಸಾಗಿಯೇ ಮಾತಾಡಿದರು. ಕೊನೆಗೆ ಹಳೆ ವಿದ್ಯಾರ್ಥಿಗಳ ಪರವಾಗಿ ಟ್ರೆವರ್ ಎದ್ದ. ಗುಣಪಾಲನ ಸಹಪಾಠಿ, ಈಗ ಬಿಲ್ಡರ್, ಅಗಲವಾದ ಒಳ್ಳೆಯ ಮುಖದವನು. ಅವಮಾನ ಅವಮಾನ ಎನ್ನುತ್ತೀರಲ್ಲ, ಅಸಲಿ ರಾಜಾ ಇಲ್ಲೇ ಕೂತಿದ್ದಾನೆ, ಅವನನ್ನೇ ಕೇಳಿ ಎಂದು ಗುಣಪಾಲನ ಕಡೆಗೆ ಕೈ ಮಾಡಿದ. ಚಪ್ಪಾಳೆ ಬಿತ್ತು. ಆ ದಿನಗಳೇ ಬೇರೆ ಎಂದ ಟ್ರೆವರ್. ಪಂದ್ಯ ಮುಗಿದ ಮೇಲೆ ರಾಜನನ್ನು ಪೆವಿಲಿಯನ್ ಹಿಂದಕ್ಕೆ ಕರೆದೊಯ್ದು, ನಡುವೆ ನಿಲ್ಲಿಸಿ, ಅದೃಷ್ಟಕ್ಕೆಂದು ಎಲ್ಲರೂ ಒಂದೊಂದು ಕೊಡುತ್ತಿದ್ದೆವು. ಕೈಯಲ್ಲಿ ಕೆಲವರು, ಬೂಟಿನಲ್ಲಿ ಕೆಲವರು. ಇವನು ಒಳಗಿಂದ ತನ್ನ ಭಾಷೆಯ ಯುದ್ಧಘೋಷ ಕೂಗುತ್ತಿದ್ದ. ನಮಗೆ ನಗು ತಡೆಯಲಾಗುತ್ತಿರಲಿಲ್ಲ. ಅದೇ ಇವತ್ತಿಗೂ ನಮ್ಮ ಶಾಲೆಯ ಘೋಷ. ಅದರ ಅರ್ಥ, ಗೆಲ್ಲಿ ಅಂತ.

ಹಿಂದಿನ ಸಾಲುಗಳಲ್ಲಿ ನಲವತ್ತು ಐವತ್ತು ಗಂಡಸರು ಎದ್ದು ನಿಂತು ಕಾಲು ಕುಟ್ಟುತ್ತಾ ಕೂಗಿದರು. "ಬೂಡ್ಲೇ, ಬೂಡ್ಲೇ, ಬೂಡ್ಲೇ."

ಶನಿವಾರಗಳೆಲ್ಲ ಅಂಗಡಿಯಲ್ಲೇ ಕಳೆದ ಜಯಶೀಲಾ ಅದನ್ನು ಕೇಳಿದ್ದು ಅದೇ ಮೊದಲು. ಅಷ್ಟು ಸಲ ರಾಜನ ಕಥೆ ಹೇಳಿದ ಗಂಡ ಈ ಕೂಗಿನ ಬಗ್ಗೆ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಎಳೆದು ಹಿಗ್ಗಿಸಿದ್ದರೂ ಮಾತು ಅವಳ ತವರಿನದೇ. ಬುಡ್ಲೆ. ಬಿಟ್ಟುಬಿಡಿ. ಹನ್ನೆರಡು ವರ್ಷದ ಹುಡುಗ ಹೊಡೆಯುವವರಿಗೂ ಬಹುವಚನ ಕೊಟ್ಟು ಬೇಡಿಕೊಂಡಿದ್ದ. ಅವಳು ಗಂಡನನ್ನು ನೋಡಿದಳು. ಅವನು ನಗುತ್ತಿದ್ದ, ಆದರೆ ಕೈ ಎಡಗಿವಿಯ ಹಿಂದಿನ ಹಳೆಯ ಗಾಯವನ್ನು ಉಜ್ಜುತ್ತಿತ್ತು. ಆ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಮರದಿಂದ ಬಿದ್ದದ್ದು ಎಂದು ಅವಳಿಗೆ ಹೇಳಿದ್ದ. ಆ ಕ್ಷಣ ಅವಳಿಗೆ ಅವನ ಮೇಲೆ ಇಪ್ಪತ್ತನಾಲ್ಕು ವರ್ಷದಲ್ಲಿ ಎಂದೂ ಬಾರದಷ್ಟು ಮರುಕ ಬಂತು. ಮರುಕದ ಹಿಂದೆಯೇ ಭಯ. ಮಗಳ ಸರದಿ ಶನಿವಾರ.

ಅವಳು ಎದ್ದು ನಿಂತಳು. ಕೌಂಟರಿನ ಇಂಗ್ಲಿಷಿನಲ್ಲೇ ಹೇಳಿದಳು.

"ಅದು ನಮ್ಮ ತುಳು. ಗೆಲ್ಲಿ ಅಂತ ಅಲ್ಲ. ಬಿಟ್ಟುಬಿಡಿ ಅಂತ. ನನ್ನ ಗಂಡ ನಿಮ್ಮ ಹತ್ತಿರ ಬೇಡಿಕೊಂಡದ್ದು ಅದು."

ಟ್ರೆವರನ ಮುಖದಿಂದ ನಗು ಇಳಿಯತೊಡಗಿತು. ಇನ್ನೊಂದು ನಿಮಿಷ ಹಾಗೇ ಬಿಟ್ಟಿದ್ದರೆ ಆ ಸಭೆಯಲ್ಲಿ ಏನಾದರೂ ಆಗುತ್ತಿತ್ತೋ ಏನೋ. ಗುಣಪಾಲ ಬಿಡಲಿಲ್ಲ. ಎದ್ದು, ತೋಳು ಅಗಲಿಸಿ, ಕ್ಷಮಿಸಿ, ಇವಳು ನನ್ನ ಹೆಂಡತಿ, ಗಿರಾಕಿಗಳನ್ನು ತನ್ನ ಅಂಡಿಗೆ ಬನ್ನಿ ಎಂದು ಕರೆದವಳೂ ಇವಳೇ ಎಂದ.

ಸಭೆ ಬಿದ್ದು ಬಿದ್ದು ನಕ್ಕಿತು. ನಗಲು ಕಾದಿದ್ದವರ ಹಾಗೆ ನಕ್ಕರು. ಅರ್ಜಿಗೆ ಸಹಿ ಹಾಕಿದವರೂ ನಕ್ಕರು. ಚಂದ್ರಿಕಾ ತಿರುಗಿ, "ನಿಜ ಹೇಳಿ ಗುಣಪಾಲ್, ಏನು ಅದರ ಅರ್ಥ?" ಎಂದು ಕನ್ನಡದಲ್ಲಿ ಕೇಳಿದರು.

"ಗೆಲ್ಲಿ ಅಂತಲೇ ಮೇಡಂ," ಎಂದ ಅವನು. "ಇವಳದ್ದು ಹಳ್ಳಿ ತುಳು."

ಮೈಸೂರಿನ ಡಾಕ್ಟರಿಗೆ ತುಳುವಿನ ಗಂಧಗಾಳಿ ಇರಲಿಲ್ಲ. ಕೂತರು. ಮತಕ್ಕೆ ಹಾಕಿದಾಗ ಮುಕ್ಕಾಲು ಪಾಲು ಜನ ರಾಜನ ಪರ ಕೈ ಎತ್ತಿದರು.

ಮನೆಗೆ ಬಂದು ಕೋಟು ಕಳಚುವ ಮೊದಲೇ ಜಯಶೀಲಾ, ಮಗಳ ತಲೆಗೆ ಅದನ್ನು ಹಾಕಿಸಲು ಬಿಡುವುದಿಲ್ಲ ಎಂದಳು.

"ನಿನಗೆ ಎಂತ ಗೊತ್ತುಂಟು?" ಎಂದ ಗುಣಪಾಲ. ದನಿ ಏರಿಸಲಿಲ್ಲ. "ಅದನ್ನು ಹಾಕುವ ಮೊದಲು ದಿನಾ ಹೊಡೀತಿದ್ರು. ಹಾಕಿದ ಮೇಲೆ ಶನಿವಾರ ಮಾತ್ರ. ಉಳಿದ ಆರು ದಿನ ನಾನೂ ಅವರವನೇ. ಇಡೀ ಊರು ನನ್ನ ಹೆಸರು ಹೇಳ್ತದೆ ಮಾರಾಯ್ತಿ, ಸುಮ್ಮನೆ ಸಿಕ್ಕಿದ್ದಾ ಅದು? ಅವಳಿಗೂ ಸಿಗಲಿ."

ಜಯಶೀಲಾ ಮಗಳ ಕೋಣೆಗೆ ಹೋದಳು. ಸಭೆಯ ವಿಡಿಯೋ ಅಷ್ಟರಲ್ಲಾಗಲೇ ಚರಿಷ್ಮಾಳ ತರಗತಿಯ ಫೋನುಗಳಲ್ಲೆಲ್ಲ ಓಡಾಡಿತ್ತು, ಬ್ಯಾಕ್‌ಸೈಡಿನ ಭಾಗ ಮಾತ್ರ. ಹುಡುಗಿ ಗೋಡೆಯ ಕಡೆ ತಿರುಗಿಯೇ ಇಂಗ್ಲಿಷಿನಲ್ಲಿ ಹೇಳಿದಳು, ನಾನು ರಾಜಾ ಆಗಿಯೇ ಆಗುತ್ತೇನೆ, ನೀನು ಮಾತ್ರ ದಯವಿಟ್ಟು ಮೈದಾನಕ್ಕೆ ಬರಬೇಡ. ತಾಯಿ ಬಾಚಣಿಗೆ ಎತ್ತಿಕೊಂಡರೆ, ಇನ್ನು ಮೇಲೆ ತಲೆ ನಾನೇ ಬಾಚಿಕೊಳ್ಳುತ್ತೇನೆ ಎಂದಳು.

ಶನಿವಾರ ಜಯಶೀಲಾ ಅಂಗಡಿಗೆ ಬೀಗ ಹಾಕಿ ಹೋದಳು. ಪಂದ್ಯ ಶಾಲೆಯೇ ಗೆದ್ದಿತು. ಚರಿಷ್ಮಾ ಆ ದೊಡ್ಡ ತಲೆ ಹೊತ್ತು ಗಡಿರೇಖೆಯ ಉದ್ದಕ್ಕೂ ಕುಣಿದಳು, ಜನ ಹುಚ್ಚೆದ್ದು ಕೂಗಿದರು. ಗುಣಪಾಲ ಕಣ್ಣೊರೆಸಿಕೊಳ್ಳುವುದನ್ನು ಜಯಶೀಲಾ ದೂರದಿಂದ ಕಂಡಳು. ತನ್ನ ಭಯವೇ ಸುಳ್ಳೇನೋ ಎಂದು ಒಂದು ಗಳಿಗೆ ಅನ್ನಿಸಿತು.

ಸೀಟಿ ಬಿದ್ದ ಮೇಲೆ ಹುಡುಗರು ರಾಜನನ್ನು ಸುತ್ತುವರಿದರು. ಈಗ ಪೆವಿಲಿಯನ್ ಹಿಂದಕ್ಕೆಲ್ಲ ಒಯ್ಯುವುದಿಲ್ಲ; ಎಲ್ಲರೆದುರೇ, ಅದೃಷ್ಟಕ್ಕೆ ಒಂದೊಂದು ತಟ್ಟು, ಮೆತ್ತಗೆ, ಎಂದು ಹೆಡ್‌ಟೀಚರ್ ಮೈಕಿನಲ್ಲಿ ನಗುತ್ತಾ ಹೇಳಿದರು. ಮೊದಲ ಹತ್ತು ಮಂದಿ ಮೆತ್ತಗೇ ತಟ್ಟಿದರು. ಹಿಂದಿನವರು ನೂಕಿದರು. ಮುಂಡಾಸು ಒಮ್ಮೆ ಮೇಲೆ ಕಂಡಿತು, ಒಮ್ಮೆ ಕೆಳಗಾಯಿತು. ಸುತ್ತ ಬೂಡ್ಲೇ ಬೂಡ್ಲೇ ಎಂದು ಕಾಲು ಕುಟ್ಟುವ ಸದ್ದು. ಅದರ ನಡುವೆ ಬಲೆಯ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಹುಟ್ಟಿದಾಗಿನಿಂದ ಒಂದು ಮಾತೂ ತುಳುವಿನಲ್ಲಿ ಆಡದವಳ ದನಿ.

"ಎನನ್ ಬುಡ್ಲೆ. ಅಮ್ಮಾ, ಎನನ್ ಬುಡ್ಲೆ."

ನನ್ನನ್ನು ಬಿಟ್ಟುಬಿಡಿ. ಹುಡುಗರಿಗೆ ಖುಷಿಯೋ ಖುಷಿ. ರಾಜಾ ಹೊಸ ಮಾತು ಸೇರಿಸಿದ ಎಂದು ಅವರೂ ಎತ್ತಿಕೊಂಡರು. ಎನನ್ ಬೂಡ್ಲೇ, ಎನನ್ ಬೂಡ್ಲೇ. ಹಗ್ಗದಾಚೆ ನಿಲ್ಲಬೇಕು ಎಂದು ತಡೆದವನ ಕೈ ಕೊಡವಿ ಜಯಶೀಲಾ ಒಳಗೆ ನುಗ್ಗಿದಳು. ಕೆಳಗೆ ಬಿದ್ದಿದ್ದ ಮಗಳನ್ನು ಸ್ಪಂಜಿನ ತಲೆಯ ಸಮೇತ ಎದೆಗೆ ಒತ್ತಿಕೊಂಡಳು. ಇದೂ ಆಟದ ಭಾಗವೆಂದು ಅವಳ ಬೆನ್ನಿಗೂ ನಾಲ್ಕು ಬಿದ್ದವು.

ಹಗ್ಗದ ಬಳಿ ಟ್ರೆವರ್ ಗುಣಪಾಲನ ಹೆಗಲಿಗೆ ಕೈ ಹಾಕಿದ್ದ. ನಿನ್ನ ಮಗಳು ನಿನಗಿಂತ ಜೋರು, ಆ ಹೊಸ ಮಾತಿಗೆ ಅರ್ಥವೇನು ಎಂದು ಕೇಳಿದ. ಗುಣಪಾಲನ ಕೇಳುವ ಕಿವಿ ಮೈದಾನದ ಕಡೆಗೇ ಇತ್ತು. ಅವನು ನಿಧಾನವಾಗಿ ತಿರುಗಿ ನಿಂತು ಕೇಳದ ಕಿವಿಯನ್ನು ಆ ಕಡೆಗೆ ಮಾಡಿದ.

"ನನ್ನನ್ನು ಗೆಲ್ಲಿಸಿ ಅಂತ," ಎಂದ.