ವಾಚ್‌ಮ್ಯಾನ್‌ಗೆ ಕೊಡ್ತೀನಿ

ಗಂಟೆ ಬಾರಿಸಿದ ಕೂಡಲೇ ಟೀಚರುಗಳು ಮಕ್ಕಳನ್ನು ಮಹಡಿಯಿಂದ ಅಂಗಳಕ್ಕೆ ಇಳಿಸಬೇಕು. ಹಿಂದುಳಿದವರನ್ನು ವಾಚ್‌ಮ್ಯಾನ್ ಮುಕ್ತಾರ್ ಎತ್ತಿಕೊಂಡು ಬರಬೇಕು. ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬುದರ ಅಭ್ಯಾಸ. ಮರ್ಫಿ ಟೌನಿನ ಆ ಪ್ಲೇ ಹೋಮಿಗೆ ಮಕ್ಕಳ ಸುರಕ್ಷತೆಯ ತರಬೇತಿ ಕೊಡಲು ಬಂದಿದ್ದ ಪ್ರವೀಣ ಗೇಟಿನ ಹತ್ತಿರ ನಿಂತು ನೋಡುತ್ತಿದ್ದ.

ಟೀಚರ್ ರಶ್ಮಿ ತನ್ನ ಕ್ಲಾಸಿನ ಮಕ್ಕಳ ತಲೆ ಎಣಿಸಿದಳು. ಕೇದಾರ್ ಇರಲಿಲ್ಲ.

ಎಲ್ಲರೂ ಮೇಲೆ ಓಡಿದರು. ಹುಡುಗ ಸಿಕ್ಕಿದ್ದು ಮುಕ್ತಾರನಿಗೇ. ಬಾತ್‌ರೂಮಿನ ಬಾಗಿಲ ಹಿಂದೆ, ಸದ್ದು ಹೊರಡದಂತೆ ತನ್ನ ಕೈಯನ್ನೇ ಕಚ್ಚಿಕೊಂಡು ಕೂತಿದ್ದ. "ಆವೋ ಬೇಟಾ" ಎಂದು ಮುಕ್ತಾರ್ ಬಗ್ಗಿದ್ದೇ ತಡ, ಹುಡುಗ ಕಿರುಚಿದ. ಚಡ್ಡಿ ಒದ್ದೆಯಾಯಿತು. ಹಿಂದೆ ಬಂದ ಪ್ರವೀಣ, ಪ್ರಿನ್ಸಿಪಾಲ್ ಆಶಾರಾಣಿ, ಆಯಾ ಸುಭದ್ರಮ್ಮ ಎಲ್ಲರೂ ನೋಡಿದರು. ರಶ್ಮಿಯೂ ನೋಡಿದಳು.

ಬೆಳಿಗ್ಗೆಯಷ್ಟೇ ಪ್ರವೀಣ ಹೇಳಿದ್ದ: ಮಗು ಒಬ್ಬ ದೊಡ್ಡವರನ್ನು ಕಂಡು ಹೀಗೆ ಹೆದರಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಏನೋ ನಡೆದಿರಬಹುದು. ಆಮೇಲೆ ಕೇಳಿದ್ದ, "ಊಟ ಮಾಡ್ಸೋಕೆ, ಮಲಗ್ಸೋಕೆ ಮಕ್ಕಳನ್ನ ಹೆದರ್ಸೋರು ಇಲ್ಲಿ ಯಾರಾದ್ರೂ ಇದೀರಾ?" ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ರಶ್ಮಿ. "ಅದೆಲ್ಲ ಹಳೇ ಕಾಲದ್ದು ಸರ್. ನಮ್ಮಲ್ಲಿ ನಡೆಯಲ್ಲ." ಆಶಾರಾಣಿ ಹೆಮ್ಮೆಯಿಂದ ತಲೆಯಾಡಿಸಿದ್ದರು.

ಉಳಿದ ಮಕ್ಕಳನ್ನು ಬೇರೆ ಟೀಚರುಗಳು ಕ್ಲಾಸಿಗೆ ಕರೆದೊಯ್ದರು. ಹಾಲಿನ ನಡುವೆ ಮುಕ್ತಾರನನ್ನು ನಿಲ್ಲಿಸಲಾಯಿತು. ಕುರ್ಚಿ ಇತ್ತು, ಕೂರಿಸಲಿಲ್ಲ.

"ಮಗೂಗೆ ಏನ್ ಮಾಡಿದ್ರಿ ಮುಕ್ತಾರ್?" ಆಶಾರಾಣಿ ಕೇಳಿದರು.

"ನಾನಾ? ಏನೂ ಮಾಡಿಲ್ಲ ಮೇಡಂ."

"ಯಾವತ್ತಾದ್ರೂ ಒಬ್ಬನ್ನೇ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ರಾ?"

ಪ್ರಶ್ನೆ ಯಾವುದರ ಬಗ್ಗೆ ಎಂಬುದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಬೂದಿಯಂತಾಯಿತು. "ಅಲ್ಲಾ ಕಸಮ್ ಮೇಡಂ. ನಂಗೂ ಮೊಮ್ಮಕ್ಕಳಿದಾವೆ. ಕ್ಯಾಮೆರಾ ನೋಡಿ ಬೇಕಾದ್ರೆ."

"ಬಾತ್‌ರೂಮ್ ಹತ್ರ ಕ್ಯಾಮೆರಾ ಇಲ್ವಲ್ಲ" ಎಂದರು ಆಶಾರಾಣಿ.

ಹಾಲಿನ ಮೂಲೆಯಲ್ಲಿ ರಶ್ಮಿ ಕೇದಾರನಿಗೆ ಬೇರೆ ಚಡ್ಡಿ ಹಾಕುತ್ತಿದ್ದಳು. ಹುಡುಗ ಅವಳ ಕಿವಿಗೆ ಬಾಯಿ ಇಟ್ಟು ಪಿಸುಗುಟ್ಟಿದ. "ಮಿಸ್, ನಾನು ನಿನ್ನೆ ಮಲ್ಕೊಂಡಿದ್ದೆ ಅಲ್ವಾ? ನನ್ನ ಕೊಡ್ಬೇಡಿ ಮಿಸ್. ಚೀಲಕ್ಕೆ ಹಾಕ್ಬೇಡಿ."

"ಏನಂದ?" ಪ್ರವೀಣ ತಿರುಗಿದ.

"ಏನಿಲ್ಲ ಸರ್. ಅಳ್ತಿದಾನೆ."

ಎಷ್ಟು ಸಲೀಸಾಗಿ ಬಂತು ಆ ಮಾತು! ಮಧ್ಯಾಹ್ನ ಮಲಗದ ಮಕ್ಕಳಿಗೆ ಅವಳು ಹೇಳುತ್ತಿದ್ದುದೂ ಇಷ್ಟೇ ಸಲೀಸಾಗಿ: ಕಣ್ಣು ಮುಚ್ಚಿಲ್ಲ ಅಂದ್ರೆ ವಾಚ್‌ಮ್ಯಾನ್‌ಗೆ ಕೊಡ್ತೀನಿ, ಚೀಲಕ್ಕೆ ಹಾಕ್ಕೊಂಡು ಹೋಗ್ತಾರೆ. ಹತ್ತು ನಿಮಿಷದಲ್ಲಿ ಕೋಣೆ ನಿಶ್ಶಬ್ದವಾಗುತ್ತಿತ್ತು. ನಿನ್ನ ಕ್ಲಾಸು ಎಷ್ಟು ಚೆನ್ನಾಗಿ ಮಲಗುತ್ತದೆ ಎಂದು ಬೇರೆ ಟೀಚರುಗಳು ಹೊಗಳುತ್ತಿದ್ದರು. ಈಗ ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಮುಕ್ತಾರನ ಕೆಲಸ ಹೋಗುತ್ತದೆ. ಹೋಗುವುದು ಕೆಲಸ ಮಾತ್ರವಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವಳು ಮಗುವಿನ ಅಂಗಿಯ ಗುಂಡಿ ಹಾಕುತ್ತ ಕೂತಳು. ಗುಂಡಿ ಆಗಲೇ ಹಾಕಿತ್ತು.

"ಕೀ ಸುಭದ್ರಮ್ಮನ ಹತ್ರ ಕೊಡಿ. ನಾನು ಫೋನ್ ಮಾಡೋ ತನಕ ಬರ್ಬೇಡಿ. ಪೇರೆಂಟ್ಸ್‌ಗೆ ಏನ್ ಹೇಳೋದೋ ದೇವ್ರೇ" ಎಂದರು ಆಶಾರಾಣಿ.

ಸುಭದ್ರಮ್ಮ ಕೀ ಗೊಂಚಲು ತೆಗೆದುಕೊಳ್ಳುವಾಗ ಅವನ ಬೆರಳು ತಾಗದಂತೆ ತೆಗೆದುಕೊಂಡಳು.

ಮುಕ್ತಾರ್ ರಶ್ಮಿಯ ಕಡೆ ತಿರುಗಿದ. "ನೀವಾದ್ರೂ ಹೇಳಿ ಮೇಡಂ. ದಿನಾ ನೋಡ್ತೀರಲ್ಲ ನನ್ನ."

"ಅವರದೇನೂ ತಪ್ಪಿಲ್ಲ" ಎಂದಳು ರಶ್ಮಿ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. ಆಮೇಲೆ ಉಳಿದದ್ದನ್ನೂ ಹೇಳಿದಳು, ಚೀಲದ ಸಮೇತ.

ಆಶಾರಾಣಿ ನಕ್ಕುಬಿಟ್ಟರು. "ಅಯ್ಯೋ, ಅಷ್ಟೇನಾ! ಜೀವ ಬಾಯಿಗೆ ಬಂದಿತ್ತು ಕಣೇ. ನಮ್ಮಮ್ಮ ನಮ್ಗೆ ಪೊಲೀಸಪ್ಪನ್ನ ತೋರಿಸ್ತಿದ್ರು."

"ನಮ್ಗೆ ಗೋಣಿ ತಾತ" ಎಂದು ಸುಭದ್ರಮ್ಮನೂ ನಕ್ಕಳು. ಪ್ರವೀಣ ಮಾತ್ರ ನಗಲಿಲ್ಲ. ಬೆಳಿಗ್ಗೆ ರಶ್ಮಿ ಕೊಟ್ಟ ಉತ್ತರ ಅವನಿಗೆ ನೆನಪಿತ್ತು, ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ರಶ್ಮಿಗೆ.

"ಎಲ್ಲಾ ಮಕ್ಕಳಿಗೂ ಹೇಳಿದೀರಾ?" ಮುಕ್ತಾರ್ ಕೇಳಿದ.

"ಹೂಂ."

"ನಾನು ಗಡ್ಡಕ್ಕೆ ಹೆದರ್ತಾವೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಗುಡ್ ಮಾರ್ನಿಂಗ್ ಅಂದ್ರೆ ಓಡೋಗ್ತಿದ್ವು." ಅವನು ಗಲ್ಲ ಮುಟ್ಟಿಕೊಂಡ. "ರಂಜಾನ್ ಆದ್ಮೇಲೆ ಸಣ್ಣ ಮಾಡಿಸ್ಕೊಂಡೆ. ಮನೇಲಿ ಬೈದ್ರು."

ಆಶಾರಾಣಿಯ ನಗು ನಿಂತಿತು. "ಆಯ್ತು ಬಿಡಿ ಮುಕ್ತಾರ್, ಗೊತ್ತಿಲ್ದೆ ಆಗಿದ್ದು. ರಶ್ಮಿ, ಒಂದ್ಸಲ ಸಾರಿ ಕೇಳಮ್ಮ, ಮುಗೀತು."

ರಶ್ಮಿ ಕೇಳಿದಳು. ಮುಕ್ತಾರ್ ತಲೆಯಾಡಿಸಿದ, ಆಗಲಿ ಎಂದೋ, ಸಾಕು ಎಂದೋ ತಿಳಿಯಲಿಲ್ಲ. ಕೀ ವಾಪಸು ಇಸಿದುಕೊಂಡು ಕೆಳಗಿಳಿದ.

ಮನೆಗೆ ಹೋಗುವ ಹೊತ್ತಾಯಿತು. ಮುಕ್ತಾರ್ ಗೇಟು ತೆರೆದು, ತಾನು ರಸ್ತೆ ದಾಟಿ ಎದುರು ಕಾಂಪೌಂಡಿನ ಹತ್ತಿರ ಹೋಗಿ ನಿಂತ. ಮಕ್ಕಳು ಅಳದೆ ಹೊರಟವು. ಕೇದಾರ್ ರಶ್ಮಿಯ ಸೊಂಟದ ಮೇಲೆ, ಎರಡೂ ಕೈಯಲ್ಲಿ ಅವಳ ಕತ್ತು ತಬ್ಬಿಕೊಂಡು, ಅವಳಿದ್ದರೆ ತನಗೆ ಏನೂ ಆಗುವುದಿಲ್ಲ ಎಂಬಂತೆ ಕೂತಿದ್ದ.

ಅವನ ತಾಯಿ ಸ್ಕೂಟರ್ ನಿಲ್ಲಿಸಿ ಮಗನ ಚಡ್ಡಿ ನೋಡಿದಳು. ಆಮೇಲೆ ರಸ್ತೆಯಾಚೆ ನೋಡಿದಳು. "ಇದ್ಯಾಕೆ ಬೇರೆ ಚಡ್ಡಿ? ವಾಚ್‌ಮ್ಯಾನ್ ಯಾಕೆ ಅಲ್ಲಿ ಹೋಗಿ ನಿಂತಿದಾರೆ ಮಿಸ್? ಏನಾಯ್ತು?"

ಆಶಾರಾಣಿ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡ ಎಂದರು.

"ನನ್ನಿಂದ ಆಗಿದ್ದು" ಎಂದು ರಶ್ಮಿ ಶುರು ಮಾಡಿದಳು. ಕೇದಾರನ ಹಿಡಿತ ಬಿಗಿಯಾಗಿಯೇ ಇತ್ತು.