ಕಣ್ಣು ತೆರೆದ ಫೋಟೋ

ರಾಜರಿಲ್ಲದ ಒಂದು ದೇಶದಲ್ಲಿ, ಅಣ್ಣತಮ್ಮಂದಿರೇ ಕಾದಾಡುತ್ತಿದ್ದ ಕಾಲದಲ್ಲಿ, ಬಿಸಿಲನ್ನು ಗಾಜಿನ ಮೇಲೆ ಹಿಡಿದಿಡುವ ಹೆಂಗಸೊಬ್ಬಳಿದ್ದಳು. ಹೆಸರು ಫಿಲೀನಾ. ವಾಷಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳ ಫೋಟೋ ತೆಗೆಯುವುದು ಅವಳ ಕೆಲಸ. ಗಾಜಿಗೆ ಹಚ್ಚುವ ಬೆಳ್ಳಿಯ ದ್ರಾವಣ ತಾಗಿ ತಾಗಿ ಅವಳ ಬೆರಳುಗಳು ಕಪ್ಪಾಗಿದ್ದವು.

ಅಸಾಹೆಲ್ ಎಂಬ ಸಿಪಾಯಿಯ ಬಲಭುಜವನ್ನು ಗುಂಡು ಪುಡಿ ಮಾಡಿತ್ತು. ಡಾಕ್ಟರ್ ಥ್ಯಾಚರ್ ಮೂಳೆ ತೆಗೆದು ಕೈ ಉಳಿಸಿದ್ದರು, ಆದರೆ ಅದು ಜೋತುಬಿದ್ದಿತ್ತು. ಅಂಗಿ ಬಿಚ್ಚಿಸಿ ಫೋಟೋಗೆ ಕೂರಿಸಿದಾಗ, ರೆಪ್ಪೆ ಬಡಿದರೆ ಚಿತ್ರ ಕೆಡುತ್ತದೆಂದು ಕಣ್ಣು ಮುಚ್ಚಿಸಿದವರೂ ಅವರೇ. ಅದರ ಪ್ರತಿಗಳು ಅವನನ್ನು ಒಂದು ಮಾತೂ ಕೇಳದೆ ಗಾಯಾಳುಗಳಿಗಾಗಿ ಹಣ ಕೂಡಿಸುವ ಧರ್ಮಾರ್ಥ ಸಂತೆಗೆ ಹೋದವು. ಚಹಾ ಕುಡಿಯುತ್ತ ಜನ ಅವನ ಬರಿಮೈಯನ್ನು ಕೈಯಿಂದ ಕೈಗೆ ದಾಟಿಸಿದರು. ಒಂದು ಪ್ರತಿ ವರ್ಮಾಂಟಿನ ಅವನ ಹಳ್ಳಿಯನ್ನೂ ಮುಟ್ಟಿತು.

ಆ ಸೀಮೆಯಲ್ಲಿ ಕಣ್ಣು ಮುಚ್ಚಿದ ಫೋಟೋ ಎಂದರೆ ಸತ್ತವರದ್ದು. ತಾಯಿ ಕಪ್ಪು ಬಟ್ಟೆ ತೊಟ್ಟಳು. ಬದುಕಿದ್ದೇನೆಂದು ಅವನು ದಾದಿಯಿಂದ ಬರೆಸಿದರೆ, ಮಗನ ಅಕ್ಷರವಲ್ಲವೆಂದು ನಂಬಲಿಲ್ಲ. ಆಕೆ ಊಟ ಬಿಟ್ಟಿದ್ದಾಳೆಂದು ಊರಿನ ಗೆಳೆಯನೊಬ್ಬ ಸುದ್ದಿ ತಂದ. ಗಾಯ ಸೋರುತ್ತಿದ್ದುದರಿಂದ ಅಸಾಹೆಲ್ ಊರಿಗೆ ಹೋಗುವಂತಿರಲಿಲ್ಲ. ಕಣ್ಣು ತೆರೆದ ಫೋಟೋ ತೆಗೆದು ಕಳಿಸುತ್ತೇನೆಂದು ಫಿಲೀನಾ ಮಾತು ಕೊಟ್ಟಳು. ಅವಳು ಎಷ್ಟು ಸಲ ಕೇಳಿದರೂ, ಗಾಜು, ಬೆಳ್ಳಿ ಎಲ್ಲ ಸರ್ಕಾರದ್ದೆಂದು ಥ್ಯಾಚರ್ ಒಪ್ಪಲಿಲ್ಲ.

ಒಂದು ದಿನ ಗಾಯದ ಇನ್ನೊಂದು ಫೋಟೋ ಬೇಕೆಂದು ಅವರೇ ಅವನನ್ನು ಕರೆಸಿದರು. ಅಸಾಹೆಲ್ ಹೆಗಲಿಗೆ ಸೇನೆಯ ಕೋಟು ಹೊದ್ದು ಬಂದ. ಫಿಲೀನಾ ಗಾಜಿಗೆ ಲೇಪ ಹಚ್ಚಿ ಕ್ಯಾಮೆರಾಕ್ಕೆ ಸೇರಿಸಿದಳು. ಹಸಿ ಇರುವಾಗಲೇ ತೆಗೆಯಬೇಕು. ಒಣಗಿದರೆ ಗಾಜು ವ್ಯರ್ಥ.

"ಬಿಚ್ಚಪ್ಪ" ಎಂದರು ಥ್ಯಾಚರ್.

"ಬಿಚ್ಚಲ್ಲ ಡಾಕ್ಟ್ರೇ. ಸಂತೇಲಿ ನೋಡಿದ್ದು ಸಾಕಾಗ್ಲಿಲ್ವಾ?"

"ನಿನ್ನ ಭುಜ ನೋಡಿ ಕಲಿತೋರು ನಾಳೆ ಇನ್ನೊಬ್ಬನ ಕೈ ಉಳಿಸ್ತಾರೆ ಕಣಯ್ಯ."

"ಅದಕ್ಕೇ ಅವತ್ತು ಬಿಚ್ಚಿದ್ದು. ಭುಜ ನಿಮಗೆ ಕೊಟ್ಟಾಯ್ತು. ಮುಖ ನಮ್ಮವ್ವಂದು."

ಮುಖಕ್ಕೇನಾಗಿದೆಯೆಂದು ಥ್ಯಾಚರ್ ಗದರಿದರು. ಫಿಲೀನಾ ಕ್ಯಾಮೆರಾ ಬಿಟ್ಟು ಮುಂದೆ ಬಂದಳು.

"ಬದುಕಿರೋ ಮಗನ್ನ ಹೆತ್ತವಳ ಮುಂದೆ ಹೆಣ ಮಾಡಿದ್ದು ಗುಂಡಲ್ಲ ಡಾಕ್ಟ್ರೇ, ನಾವು. ಕಣ್ಣು ಮುಚ್ಚಿದ ಫೋಟೋ ನೋಡಿ ಆಯಮ್ಮ ಕಪ್ಪು ತೊಟ್ಟು, ರೊಟ್ಟಿ ಬಿಟ್ಟು ಕೂತಿದಾಳೆ. ಎಷ್ಟು ಸಲ ಬಂದೆ ನಿಮ್ಮ ಹತ್ರ? ಯಾಕೆ ಅಂತ ಒಂದ್ಸಲನಾದ್ರೂ ಕೇಳಿದ್ರಾ? ಗಾಜು ಒಣಗ್ತಿದೆ. ಏನ್ಮಾಡ್ಲಿ, ಹೇಳಿ."

ಥ್ಯಾಚರ್ ನಿಧಾನವಾಗಿ ಅಸಾಹೆಲ್‌ನ ಹತ್ತಿರ ಹೋಗಿ, ಜೋತುಬಿದ್ದ ಕೈಯನ್ನು ಎತ್ತಿ ಕೋಟಿನ ತೋಳಿಗೆ ತೂರಿಸಿದರು. ಹಿತ್ತಾಳೆಯ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿದರು.

"ಕಣ್ಣು ಬಿಡು" ಎಂದರು. "ಮಿಟುಕಿಸಿದ್ರೂ ಪರವಾಗಿಲ್ಲ."

ಫಿಲೀನಾ ಕ್ಯಾಮೆರಾದ ಮುಚ್ಚಳ ತೆಗೆದಳು.

ಕತ್ತಲಕೋಣೆಯಲ್ಲಿ ಗಾಜಿನ ಮೇಲೆ ಅಸಾಹೆಲ್‌ನ ಮುಖ ಮೆಲ್ಲಗೆ ಮೂಡಿತು. ಕಣ್ಣುಗಳು ತುಸು ಮಸುಕಾಗಿದ್ದವು; ರೆಪ್ಪೆ ಬಡಿದಿದ್ದ. ಸತ್ತವರು ರೆಪ್ಪೆ ಬಡಿಯುವುದಿಲ್ಲವೆಂದು ಅವಳು ಅದನ್ನು ತಿದ್ದಲಿಲ್ಲ. ಹಾಗೆಯೇ ಅಚ್ಚು ತೆಗೆದು, ವರ್ಮಾಂಟಿನ ಟಪಾಲಿಗೆ ತನ್ನ ಕೈಯಾರೆ ಹಾಕಿ ಬಂದಳು.